ಪಟ್ಟಿಗೆ ಸೇರದ ಗಾಯ

ವರ್ಷದ ಅಪರಾಧ ಪಟ್ಟಿಗೆ ಪೊಲೀಸರೂ ಅಂಕಿಅಂಶ ಇಲಾಖೆಯವರೂ ಸಹಿ ಹಾಕಿದ ಕೂಡಲೇ, ಪಟ್ಟಿಯಲ್ಲಿಲ್ಲದ ಅಪರಾಧಗಳನ್ನು ಜನರೆಲ್ಲ ಮರೆತುಬಿಡುತ್ತಿದ್ದರು. ಅನುಭವಿಸಿದವರಿಗೆ ಮಾತ್ರ ನೆನಪಿರುತ್ತಿತ್ತು. ಹಾಗಾಗಿ ಸಹಿಯ ದಿನ ಪ್ರಫುಲ್ಲಾ ತನ್ನ ಅಕ್ಕನ ಕಚೇರಿಗೇ ಬಂದು ಕೂತಳು. ಅಕ್ಕ ಮಂದಾಕಿನಿ ಜಿಲ್ಲೆಯ ಅಂಕಿಅಂಶ ಅಧಿಕಾರಿ. ಪ್ರಫುಲ್ಲಾಳ ತೋಳಿಗೆ ಅವಳ ಗಂಡ ಮಚ್ಚಿನಿಂದ ಹೊಡೆದಿದ್ದ; ಆ ಗಾಯದ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ.

"ನಿನ್ನ ಕೇಸು ನಲವತ್ತೊಂದನೇದು. ನಾನಿರೋವಾಗ ಅದನ್ನ ಯಾರು ಮುಟ್ತಾರೆ?" ಎಂದಳು ಅಕ್ಕ.

ಇನ್ಸ್‌ಪೆಕ್ಟರ್ ಜವರಪ್ಪ ಬಂದವರೇ ಪಟ್ಟಿ ನೋಡಿ ತಲೆ ಕೆರೆದುಕೊಂಡರು. "ಮೇಡಂ, ಹೋದ ವರ್ಷ ನಲವತ್ತಿತ್ತು. ಒಂದು ಜಾಸ್ತಿಯಾದ್ರೂ ನನಗೂ ನಿಮಗೂ ನೋಟಿಸ್ ಬರುತ್ತೆ. ಮನೆಯೊಳಗಿನ ಜಗಳದ್ದು ಯಾವುದಾದ್ರೂ ಒಂದು ಬಿಡೋಣ."

ಮಂದಾಕಿನಿ ತಂಗಿಯ ಮುಖ ನೋಡಲಿಲ್ಲ. ಕೊನೆಯ ಸಾಲಿನ ಮೇಲೆ ಗೆರೆ ಎಳೆದಳು. "ಅಕ್ಕಾ, ಬೇಡ!" ಎನ್ನುತ್ತ ಪ್ರಫುಲ್ಲಾ ಎದ್ದು ನಿಲ್ಲುವಷ್ಟರಲ್ಲಿ ಇಬ್ಬರ ಸಹಿಯೂ ಬಿದ್ದಿತ್ತು.

ಅಕ್ಕ ತಲೆಯೆತ್ತಿದಳು. ಅವಳ ಮುಖದಲ್ಲಿ ನಿಜವಾದ ಗಾಬರಿಯಿತ್ತು. "ಅಯ್ಯೋ, ತೋಳಿಗೇನಾಯ್ತೇ?"

ಜವರಪ್ಪ ಕೂಡ ಮರುಗುತ್ತ ನೀರಿನ ಲೋಟ ಮುಂದೆ ಹಿಡಿದರು.

"ನಿಂಗೆ ಗೊತ್ತಿತ್ತು ಅಕ್ಕಾ," ಎಂದಳು ಪ್ರಫುಲ್ಲಾ. "ಗೊತ್ತಿದ್ದೂ ಗೆರೆ ಎಳೆದೆ."

ಅಕ್ಕನಿಗೆ ಏನೂ ಅರ್ಥವಾಗಲಿಲ್ಲ. ಪ್ರೀತಿಯಿಂದ ತಂಗಿಯ ಬೆನ್ನು ಸವರಿ ಫೋನ್ ಎತ್ತಿಕೊಂಡಳು. "ಇರು, ನಿನ್ನ ಗಂಡನಿಗೆ ಹೇಳ್ತೀನಿ. ಬಂದು ಮನೆಗೆ ಕರ್ಕೊಂಡು ಹೋಗ್ಲಿ."