ಭಂಕೂರದ ಬಾಣಂತಿ

ಗುಲಾಮ ದಸ್ತಗೀರ ಒಂದು ಕೈಯಲ್ಲಿ ಎರಡು ನಾಯಿಗಳ ಹಗ್ಗ, ಇನ್ನೊಂದು ಕೈಯಲ್ಲಿ ಪಟಾಕಿ ಸರ ಹಿಡಿದು ಹಳೆಯ ಕಲ್ಲುಗಣಿಯತ್ತ ದಾಪುಗಾಲು ಹಾಕುತ್ತಿದ್ದ. ತೊಗರಿ ಹೊಲದ ಬದುವಿನ ಮೇಲೆ ಹೊಲದೊಡತಿ ಮುದುಕಿ ಹಣಮಮ್ಮ ಅಡ್ಡ ನಿಂತಳು.

“ದಸ್ತಗೀರಪ್ಪ, ನಾಯಿ ತಿರುಗಿಸು. ಪಟಾಕಿ ಹಚ್ಚಬ್ಯಾಡ. ಇಲ್ಲಿ ಬಾಣಂತಿ ಅದಾಳ.”

ದಸ್ತಗೀರ ಗಕ್ಕನೆ ನಿಂತ.

ಅವನ ಸಿಟ್ಟು ಸಣ್ಣದಲ್ಲ. ಕಲ್ಲು ತೆಗೆದು ಪಾಳುಬಿಟ್ಟ ಗಣಿಗಳ ಕಡೆ ತೋಳ ಬಂದು ಸೇರಿಕೊಂಡ ಮೇಲೆ ಅವನ ಹಟ್ಟಿಯ ಮೇಕೆಗಳು ಒಂದೊಂದಾಗಿ ಮಾಯವಾಗಿದ್ದವು. ಕೊನೆಗೆ ಹೋದದ್ದು ಕರಿಯ ಹೋತ. ಭಂಕೂರದಲ್ಲಿ ಮಟನ್ ಅಂಗಡಿ ಇಟ್ಟವನಾದರೂ ಆ ಹೋತಕ್ಕೆ ಅವನು ಎಂದೂ ಕತ್ತಿ ತೋರಿಸಿದವನಲ್ಲ. ಅಂಗೈಯಲ್ಲಿ ಬೆಲ್ಲವಿಟ್ಟು ತಿನ್ನಿಸಿ ಸಾಕಿದ್ದ. ಅರಣ್ಯ ಇಲಾಖೆಯ ಗಾರ್ಡ್ ಪೂನಮ್ ಬಂದು, “ತೋಳಕ್ಕ ಕೈ ಹಚ್ಚಿದ್ರ ಜೈಲು, ನೆನಪಿಟ್ಕೋರಿ,” ಎಂದಿದ್ದಳು.

“ನನ್ನ ಹೋತಕ್ಕ ಬಾಯಿ ಹಚ್ಚಿದವರಿಗಿ ಯಾವ ಜೈಲ್ರಿ ಮೇಡಮ್?” ಎಂದು ಕೇಳಿ, ತೋಳವನ್ನು ಹೆದರಿಸಿ ಓಡಿಸಲು ಅವನೇ ಹೊರಟಿದ್ದ.

ಆದರೆ ಬಾಣಂತಿ ಎಂದರೆ ಮಾತೇ ಬೇರೆ. ಹಣಮಮ್ಮನ ಮಗಳು ಜಗದೇವಿಯನ್ನು ಸೇಡಂಗೆ ಕೊಟ್ಟಿದ್ದರು. ಹೆರಿಗೆಗೆ ತವರಿಗೆ ಬಂದಿರಬೇಕು. ಊರ ಗದ್ದಲ ತಾಕದಿರಲೆಂದು ಹೊಲದ ಮನೆಯಲ್ಲಿ ಇಟ್ಟಿರಬೇಕು. ದಸ್ತಗೀರ ಪಟಾಕಿಯನ್ನು ಜೇಬಿಗೆ ತುರುಕಿದ.

“ಮೊದಲೇ ಹೇಳಬಾರದೇನ್ ಕಾಕಿ? ಎಲ್ಲಾ ಸುಸೂತ್ರ ಆಯ್ತಿಲ್ಲೋ?”

“ಸುಸೂತ್ರ ಆಗ್ಯಾದಪ್ಪ. ಗದ್ದಲ ಕೇಳಿದ್ರ ಬೆದರತಾಳ, ಅಷ್ಟೇ.”

ಮನೆಗೆ ಬಂದು ಹೆಂಡತಿ ಜೈತುನ್ಬೀಗೆ ಹೇಳಿದ. ಅವಳು ಸುಮ್ಮನಿರುವವಳೇ? “ಬಾಣಂತಿಗಿ ಕಾಲು ಸೂಪ್ ಕುಡಿಸಬೇಕ್ರಿ. ಅಂದ್ರನೇ ಹಾಲು ಬರತಾವ.”

ದಸ್ತಗೀರ ಹಿಂಜರಿದ. ಹಣಮಮ್ಮನ ಕೊರಳಲ್ಲಿ ಪಂಢರಪುರದ ತುಳಸಿಮಾಲೆ. ಮೊಟ್ಟೆ ಕೂಡ ಆ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಆದರೂ ಅವಳು ಮನೆಯ ಮುಂದೆ ಹಾದುಹೋಗುವಾಗ ಒಂದು ಮಾತು ಕೇಳಿ ನೋಡಿದ. ಮುದುಕಿ ಗಳಿಗೆ ಹೊತ್ತು ಯೋಚಿಸಿದಳು. ಆಮೇಲೆ ಅವಳ ಮುಖವೆಲ್ಲ ಅರಳಿತು.

“ಕೊಡಪ್ಪ. ಕಾಲಷ್ಟೇ ಯಾಕ? ಅಂಗಡ್ಯಾಗ ಉಳಿದದ್ದು ಏನಿದ್ರೂ ಕೊಡು.”

“ನಾನೇ ಕುದಿಸಿ ಕಳಸ್ತೀನಿ ಬಿಡ್ರಿ,” ಎಂದಳು ಜೈತುನ್ಬೀ.

“ಬ್ಯಾಡ ಯವ್ವಾ. ಹಸೀದೇ ಇರ್ಲಿ.”

ಮಗಳ ಮುಂದೆ ಯಾವ ನೇಮ, ಯಾವ ಮಡಿ! ಮುದುಕಿ ತಾನೇ ಒಲೆ ಹೂಡಿ ಬೇಯಿಸಲು ಹೊರಟಳಲ್ಲ ಎಂದು ದಸ್ತಗೀರನ ಕಣ್ಣು ತೇವವಾಯಿತು. ಅಂದಿನಿಂದ ಅಂಗಡಿ ಮುಚ್ಚುವ ಹೊತ್ತಿಗೆ ಹಣಮಮ್ಮ ಬರುವುದು, ಅವನು ಪೊಟ್ಟಣ ಕಟ್ಟಿಕೊಡುವುದು, ಅವಳು ಅದನ್ನು ತುದಿಬೆರಳಲ್ಲಿ ಹಿಡಿದು ಮೂಗು ಆಚೆ ತಿರುಗಿಸಿ ಹೋಗುವುದು ನಡೆಯುತ್ತ ಬಂತು. ಒಂದು ದಿನ ದಸ್ತಗೀರನಿಗೆ ಹೊಲದ ದಾರಿಯಲ್ಲಿ ಪೂನಮ್ ಸ್ಕೂಟಿಯಲ್ಲಿ ಎದುರಾದಳು. “ನೀವೂ ಬಾಣಂತಿ ಮಾತಾಡಿಸಾಕ ಬಂದಿದ್ರೇನ್ರಿ?” ಎಂದ.

“ಹೌದ್ರಿ. ಭಾಳ ಆರಾಮ ಅದಾಳ,” ಎಂದು ಪೂನಮ್ ನಕ್ಕಳು.

ಆಶ್ಚರ್ಯವೆಂದರೆ, ತೋಳದ ಕಾಟ ತಾನಾಗಿ ನಿಂತಿತು. ಹಟ್ಟಿಯಲ್ಲಿ ಒಂದು ಮರಿಯೂ ಕಾಣೆಯಾಗಲಿಲ್ಲ. “ನನ್ನ ಹೆಸರು ಕೇಳಿದ್ರ ಸಾಕು, ಅದರ ಬಾಲ ಕಾಲ ಸಂದ್ಯಾಗ,” ಎಂದು ದಸ್ತಗೀರ ಚಹಾದಂಗಡಿಯಲ್ಲಿ ಮೀಸೆ ತಿರುವಿದ. ಹಣಮಮ್ಮನ ಅದೃಷ್ಟವೂ ತಿರುಗಿತ್ತು. ಹೋದ ವರ್ಷ ಕಾಡುಹಂದಿಗಳು ಅವಳ ತೊಗರಿಯನ್ನು ಅರ್ಧಕ್ಕರ್ಧ ನೆಲಸಮ ಮಾಡಿದ್ದವು. ಈ ವರ್ಷ ಒಂದು ಹಂದಿಯೂ ಆ ಕಡೆ ಸುಳಿಯಲಿಲ್ಲ.

“ಎಲ್ಲಾ ಬಾಣಂತಿ ಕಾಲ್ಗುಣಪ್ಪ,” ಎನ್ನುತ್ತಿದ್ದಳು ಮುದುಕಿ.

ಹೀಗಿರುವಾಗ ಗಣಿಯ ಹೊಂಡದಲ್ಲಿ ತೋಳ ನೀರು ಕುಡಿಯುವುದನ್ನು ಯಾರೋ ಕಂಡರು. ಊರು ಮತ್ತೆ ಹೊತ್ತಿಕೊಂಡಿತು. ಗಣಿಯ ಪೊಟರೆಗಳಿಗೆಲ್ಲ ಹುಲ್ಲು ತುಂಬಿ ಬೆಂಕಿ ಇಡುವುದೆಂದು ಗಂಡಸರು ನಿಶ್ಚಯಿಸಿದರು. ಪೂನಮ್ ಹೇಳಿದ್ದ ಜೈಲಿನ ಮಾತು ಯಾರಿಗೂ ನೆನಪಾಗಲಿಲ್ಲ. ಮುಂದಾಳು ದಸ್ತಗೀರನೇ. ಆದರೆ ಹೊಗೆ ಕೂಸಿಗೆ ತಾಕಬಾರದಲ್ಲ! ಬೆಳಗಾಗುತ್ತಲೇ ಜೈತುನ್ಬೀಯನ್ನು ಕರೆದುಕೊಂಡು ಹಣಮಮ್ಮನ ಹೊಲಕ್ಕೆ ಹೋದ.

“ಕಾಕಿ, ಇವತ್ತು ಗಣಿಗಿ ಬೆಂಕಿ ಹಚ್ಚತೀವಿ. ಬಾಣಂತಿನ್ನ ನಮ್ಮ ಮನಿಗಿ ಕಳಸ್ರಿ. ಜೈತುನ್ ನೋಡ್ಕೋತಾಳ.”

ಹಣಮಮ್ಮನ ಕೈಯಲ್ಲಿದ್ದ ಕೊಡ ಜಾರಿ ನೀರೆಲ್ಲ ಚೆಲ್ಲಿತು. ಅವಳು ದಸ್ತಗೀರನನ್ನು ನೋಡಿದಳು, ಅವನ ಹೆಂಡತಿಯನ್ನು ನೋಡಿದಳು. ಜೈತುನ್ಬೀಯ ಕಂಕುಳಲ್ಲಿ ಕೂಸಿಗೆಂದು ಹೊಲಿದ ಹಸಿರು ಕುಂಚಿಗೆ ಇತ್ತು.

“ಆಕಿ ಬರಂಗಿಲ್ಲಪ್ಪ,” ಎಂದಳು ಕೊನೆಗೆ. “ಇಷ್ಟು ದಿನ ಉಣಿಸೀರಿ. ಒಮ್ಮಿ ಕಣ್ಣಿಲೆ ನೋಡ್ರಿ. ಆಮ್ಯಾಲ ಬೆಂಕಿ ಹಚ್ಚೋದು ಬಿಡೋದು ನಿಮಗ ಬಿಟ್ಟದ್ದು. ಚಪ್ಪಲಿ ಬಿಡ್ರಿ, ಸಪ್ಪಳ ಆಗಬಾರದು.”

ಅವಳು ಹೊಲದ ಮನೆಯತ್ತ ತಿರುಗಲೇ ಇಲ್ಲ. ಅದರ ಬಾಗಿಲಿಗೆ ಬೀಗ ಬಿದ್ದಿತ್ತು. ಬದು ದಾಟಿ, ಕಲ್ಲಿನ ಚೂರು ಸುರಿದ ದಿಬ್ಬ ಹತ್ತಿ, ಬಗ್ಗಿ ಕುಳಿತು ಕೆಳಗೆ ಬೆರಳು ತೋರಿಸಿದಳು.

ಗಣಿಯ ಹಾಸುಗಲ್ಲಿನ ಎಳೆಬಿಸಿಲಲ್ಲಿ ತೋಳ ಅಡ್ಡ ಮಲಗಿತ್ತು. ಹೊಟ್ಟೆಗೆ ಅಂಟಿಕೊಂಡ ನಾಲ್ಕು ಮರಿಗಳು ಲೊಚಲೊಚನೆ ಹಾಲು ಕುಡಿಯುತ್ತಿದ್ದವು. ಸುತ್ತಮುತ್ತ ದಸ್ತಗೀರನೇ ಕಡಿದುಕೊಟ್ಟ ಕಾಲುಗಳ ಎಲುಬು.

ದಸ್ತಗೀರ ಎಲುಬು ಎಣಿಸತೊಡಗಿದ. ಜೈತುನ್ಬೀ ಅವನ ತೋಳು ಹಿಡಿದು ಕಿವಿಯಲ್ಲಿ ಪಿಸುಗುಟ್ಟಿದಳು: “ನಾಕು ಕೂಸು ಅದಾವಲ್ರೀ! ನಾಳಿಂದ ಒಂದು ಕಾಲು ಜಾಸ್ತಿ ಹಾಕ್ರಿ.”