ಓಣಿಗೆ ಮುಚ್ಚಿದ ಬಾಗಿಲು

ಕಡೆಯ ಇಟ್ಟಂಗಿ ಕೈಯಲ್ಲಿ ಹಿಡಿದು ಗೌಂಡಿ ಇನ್ನೊಮ್ಮೆ ಕೇಳಿದ. "ಯಜಮಾನ್ರ, ಖರೇನ ಮುಚ್ಚಲೇನ್ರಿ? ಆಮ್ಯಾಲ ನನ್ನ ಬೈಬ್ಯಾಡ್ರಿ."

"ಮುಚ್ಚೋ ಮಾರಾಯಾ," ಎಂದ ಹನಮಂತಪ್ಪ. "ಬಾಗಲಾನ ಇಲ್ಲಂದಮ್ಯಾಲ ಆ ಓಣಿಗೂ ನನಗೂ ಏನ ಸಂಬಂಧ?"

ಹಿಂದಿನ ಸಂಜೆ ಓಣಿಯವರ ಸಭೆ ನಡೆದಿತ್ತು. ರಸ್ತೆ ಎಷ್ಟು ಕೆಟ್ಟಿತ್ತೆಂದರೆ ನೀರಿನ ಟ್ಯಾಂಕರ್ ಒಳಗೆ ಬರದೆ ಮೂಲೆಯಲ್ಲೇ ನಿಲ್ಲುತ್ತಿತ್ತು. ಬಡಾವಣೆ ಮಾಡಿದವರು ರಸ್ತೆಯನ್ನು ಪುರಸಭೆಗೆ ಒಪ್ಪಿಸದೇ ಹೋಗಿದ್ದರಿಂದ, ಓಣಿಯವರು ಒಂದು ಪಾಲು ಹಾಕಿದರಷ್ಟೇ ಪುರಸಭೆ ಎರಡು ಪಾಲು ಹಾಕಿ ಕಾಂಕ್ರೀಟು ಮಾಡಿಸುತ್ತದೆ, ಒಂದೇ ಒಂದು ಮನೆ ತಪ್ಪಿದರೂ ಕೆಲಸವಿಲ್ಲ ಎಂದು ಪುರಸಭೆಯ ಎಂಜಿನಿಯರ್ ರಂಜನಾ ವಿವರಿಸಿದ್ದಳು. ಉಳಿದವರು ಗೊಣಗುತ್ತಲೇ ಒಪ್ಪಿದರು. ಇದೇ ರಸ್ತೆಗಾಗಿ ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದಿದ್ದ ಹನಮಂತಪ್ಪ ಮಾತ್ರ ಎದ್ದು ನಿಂತ. "ವರ್ಷಾ ವರ್ಷಾ ಮನಿಪಟ್ಟಿ ತುಂಬ್ತೇನಿ. ನಳಕ್ಕ ಕೊಟ್ಟೇನಿ, ಗಟಾರಕ್ಕ ಕೊಟ್ಟೇನಿ. ಈಗ ರೋಡಿಗೂ ನಾನ ಕೊಡಬೇಕಂದ್ರ ಪುರಸಭಿ ಯಾಕ ಬೇಕ್ರಿ?" ರಂಜನಾ ಸಾಕಾದವಳಂತೆ, "ಓಣಿ ಬಳಸೋರೆಲ್ಲಾ ಕೊಡಬೇಕ್ರಿ, ಅಷ್ಟ," ಎಂದುಬಿಟ್ಟಳು. ಆ ಮಾತನ್ನೇ ಅವನು ಹಿಡಿದುಕೊಂಡ. ಅವನದು ಮೂಲೆಮನೆ. ಗೇಟು ಇದ್ದದ್ದು ಹುನಗುಂದ ರಸ್ತೆಗೆ. ಓಣಿಗಿದ್ದದ್ದು ಪಕ್ಕದ ಸಣ್ಣ ಬಾಗಿಲೊಂದೇ.

ಆದರೆ ಆ ಬಾಗಿಲು ಅವನ ಹೆಂಡತಿ ಬಾಳಮ್ಮನದು. ಮಧ್ಯಾಹ್ನವಾದರೆ ಅವಳು ಅಲ್ಲಿನ ಮೆಟ್ಟಿಲ ಮೇಲೆ ಕೂತು, ಎದುರುಮನೆಯ ಕಟ್ಟೆಯಲ್ಲಿ ಸೀರೆ ಸೆರಗಿಗೆ ಕುಚ್ಚು ಕಟ್ಟುವ ನಜಮಾಳ ಜೊತೆ ಹರಟುವಳು. ನವನಗರದ ತಂಗಿಯ ಮನೆಯಿಂದ ಅವಳು ಮರಳಿದಾಗ ಸಿಮೆಂಟು ಇನ್ನೂ ಹಸಿಯಾಗಿತ್ತು. ಚೀಲ ಕೆಳಗಿಡುವುದನ್ನೂ ಮರೆತು ನೋಡುತ್ತ ನಿಂತಳು.

"ನನ್ನ ಒಂದ ಮಾತ ಕೇಳಬೇಕು ಅನಸಲಿಲ್ಲೇನ್ರಿ?"

"ರೊಕ್ಕ ಉಳೀತಲ್ಲ."

"ಉಳಿಸಿಕೊಂಡು ಅದರ ಮುಂದ ಕುಂತು ಮಾತಾಡ್ರಿ," ಎಂದು ಬಾಳಮ್ಮ ಒಳಗೆ ಹೋದಳು. ಮರುದಿನದಿಂದ ನೋಯುವ ಮಂಡಿ ಹಿಡಿದುಕೊಂಡು, ದೊಡ್ಡ ರಸ್ತೆಯಿಂದ ಸುತ್ತು ಹಾಕಿ ನಜಮಾಳ ಮನೆಗೆ ಹೋಗತೊಡಗಿದಳು. ಸಂಜೆಯ ಚಹಾದ ಹೊತ್ತಿಗೆ ಮನೆಯಲ್ಲಿರುತ್ತಿರಲಿಲ್ಲ.

ವಾರ ಕಳೆದು ರಂಜನಾ ಪಾಲು ಲೆಕ್ಕಹಾಕಲು ಟೇಪು ಹಿಡಿದು ಬಂದಳು. ಒಂದೊಂದೇ ಮನೆಯ ಮುಂಭಾಗ ಅಳೆಯುತ್ತ ಮೂಲೆಗೆ ಬಂದು, ಹನಮಂತಪ್ಪನ ಗೋಡೆಯುದ್ದಕ್ಕೂ ಟೇಪು ಎಳೆಸಿದಳು. ಅವನು ಗೇಟಿನಿಂದ ಓಡಿಬಂದ.

"ಬಾಯಾರ, ಇಲ್ಲಿ ಯಾಕ ಅಳಿಯಾಕತ್ತೀರಿ? ಬಾಗಲಾ ಎಲ್ಲೈತಿ, ತೋರಸ್ರಿ!"

"ಬಾಗಲಾ ಅಲ್ರಿ, ಓಣಿಗೆ ಹತ್ತಿದ ಜಾಗಾ ಅಳೀತೇವಿ. ಎಲ್ಲಾರಕಿಂತ ನಿಮ್ಮದ ಉದ್ದ ಐತಿ."

"ಬಳಸೋರು ಕೊಡಬೇಕು ಅಂತ ನೀವ ಅಂದ್ರಲ್ಲ?"

ರಂಜನಾ ಅವನ ಮಾಳಿಗೆಯಿಂದ ಓಣಿಯತ್ತ ಚಾಚಿದ್ದ ಪೈಪು ನೋಡಿದಳು. "ನಿಮ್ಮ ಮಾಳಗಿ ಮಳಿನೀರು ಎಲ್ಲಿ ಬೀಳತೈತ್ರಿ?" ಎಂದಳು. ಆಮೇಲೆ ದನಿ ತಗ್ಗಿಸಿದಳು. "ಹೋದಲ್ಲೆಲ್ಲಾ ಇದ ಜಗಳ ಕೇಳಿ ಕೇಳಿ ಸಾಕಾಗೇತ್ರಿ, ಕಾಕಾ. ರೋಡ್ ಎಲ್ಲಾರಿಗೂ ಬೇಕು. ಪಾಲು ಅಂದಕೂಡಲೇ ಓಣಿ ಯಾರದೂ ಅಲ್ಲ."

ಆದರೂ ಅವನು ಕೊಡಲಿಲ್ಲ. ಕೆಲಸ ನಿಂತಿತು. ಯಾರೂ ಜಗಳಕ್ಕೆ ಬರಲಿಲ್ಲ, ನಮಸ್ಕಾರ ಮಾತ್ರ ನಿಂತವು. ಒಂದು ಬೆಳಿಗ್ಗೆ ಟ್ಯಾಂಕರಿನಿಂದ ನೀರು ಹೊರುತ್ತಿದ್ದ ನಜಮಾಳ ಅತ್ತೆ ಮಾಬುಬಿ ಗುಂಡಿಯಲ್ಲಿ ಕಾಲಿಟ್ಟು ಅವನ ಗೋಡೆಯ ಪಕ್ಕದಲ್ಲೇ ಬಿದ್ದಳು. ಬಿದ್ದ ಸದ್ದು, ಕೂಗಿದ ಸದ್ದು ಎರಡೂ ಅವನಿಗೆ ಸ್ಪಷ್ಟವಾಗಿ ಕೇಳಿಸಿದವು. ಬಾಗಿಲಿದ್ದಿದ್ದರೆ ಎರಡು ಹೆಜ್ಜೆ. ಗೇಟು ದಾಟಿ, ಮೂಲೆ ಸುತ್ತಿ ಏದುಸಿರು ಬಿಡುತ್ತ ಬರುವಷ್ಟರಲ್ಲಿ ಜನ ಮುದುಕಿಯನ್ನು ಎತ್ತಿ ಕೂರಿಸಿಯಾಗಿತ್ತು. ಆಗಲೇ ನಜಮಾಳ ಮನೆಗೆ ಬಂದಿದ್ದ ಬಾಳಮ್ಮ ಅವಳ ಕಾಲು ತಿಕ್ಕುತ್ತಿದ್ದಳು. ತಲೆಯೆತ್ತಿ ಗಂಡನನ್ನು ನೋಡಿ, ಮತ್ತೆ ತಿಕ್ಕತೊಡಗಿದಳು. ಮಧ್ಯಾಹ್ನವೇ ಹನಮಂತಪ್ಪ ಪುರಸಭೆಗೆ ಹೋಗಿ ತನ್ನ ಪಾಲು ತುಂಬಿ ಬಂದ.

ರಸ್ತೆಯಾಯಿತು. ಹಸಿ ಕಾಂಕ್ರೀಟಿನ ಮೇಲೆ ಗೋಣಿಚೀಲ ಹಾಸಿ ಅವರವರ ಮನೆಯ ಮುಂದೆ ಅವರವರೇ ನೀರುಣಿಸಬೇಕೆಂದು ರಂಜನಾ ಹೇಳಿಹೋದಳು. ಹನಮಂತಪ್ಪ ಗೌಂಡಿಗೆ ಫೋನು ಮಾಡಿದ. "ನಾಳೆನ ಬಂದು ಬಾಗಲಾ ತಗಿ."

"ಈಗ ಒಡದ್ರ ಹಸೀ ರೋಡಿನ ಮ್ಯಾಲ ಇಟ್ಟಂಗಿ ಬೀಳ್ತಾವ್ರಿ. ಗಟ್ಟಿ ಆಗೂತನಕ ತಡೀರಿ. ನಾ ಅವತ್ತ ಕೇಳಿದ್ದೆ, ಯಜಮಾನ್ರ."

ಸಂಜೆ ಓಣಿಯವರೆಲ್ಲ ಪೈಪು, ಕೊಡ ಹಿಡಿದು ಹೊರಬಂದರು. ಅವನ ಗೋಡೆಯುದ್ದದ ರಸ್ತೆಗೆ ನಜಮಾ ತನ್ನ ಕಟ್ಟೆಯ ಮೇಲಿಂದಲೇ ನೀರು ಹೊಡೆದಳು. ಯಾರೋ ಏನೋ ಅಂದರು, ಎಲ್ಲರೂ ನಕ್ಕರು, ಬಾಳಮ್ಮನ ನಗೆ ಎಲ್ಲರಿಗಿಂತ ಜೋರಾಗಿತ್ತು. ಕತ್ತಲಾಗುವ ಮುಂಚೆ ಅವಳು ಸುತ್ತು ಹಾಕಿ ಮನೆಗೆ ಬಂದಾಗ ಗಂಡ ಮುಚ್ಚಿದ ಬಾಗಿಲಿನ ಇಟ್ಟಂಗಿಗೆ ಕಿವಿ ಹಚ್ಚಿ ನಿಂತಿದ್ದ.

"ಏನ ಕೇಳಾಕತ್ತೀರಿ?"

"ನನಗೇನರ ಬೈತಾರೇನಂತ."

"ಬೈದ್ರೇನು?"

ಹನಮಂತಪ್ಪ ಗೋಡೆಯಿಂದ ಕಿವಿ ತೆಗೆಯಲಿಲ್ಲ. "ಇಲ್ಲ," ಎಂದ. "ಯಾರೂ ನನ್ನ ಹೆಸರ ತಗಿಯವಲ್ರು."