ಕುಪವಾಡದ ಚೇಂಬರ್

"ಕುಪವಾಡದ ಗಟಾರದ ನೀರಾಗ ನಶಾಪುಡಿ ಭಾಳ ಸಿಕ್ಕೈತಿ. ಮಧ್ಯಾಹ್ನ ಪೊಲೀಸರು ಚಾಳಿನ ಪೋರಗೋಳನ್ನ ಹಿಡೀಲಿಕ್ಕ ಬರ್ತಾರ" ಎಂದ ಡ್ರೈನೇಜ್ ಖಾತೆಯ ಸಾಹೇಬ ಅಪ್ಪಾಸಾಬ.

ಗಟಾರದ ಕೆಲಸಗಾರ ಸಿದ್ದಪ್ಪ ಚಹಾದ ಲೋಟ ಕೆಳಗಿಟ್ಟ. ಒಂದು ವಾರ ತಾಸಿಗೊಮ್ಮೆ ಚೇಂಬರಿನ ಗುಂಡಿಗೆ ಇಳಿದು ಆ ನೀರನ್ನು ಬಾಟಲಿಗೆ ತುಂಬಿ ಕೊಟ್ಟವನು ಅವನೇ. ಸಾಲುಮನೆಗಳ ಆ ಚಾಳಿನಲ್ಲಿ ಇರುವವನೂ ಅವನೇ. ಮಗ ಕಿಶೋರ ಸೋಮವಾರ ಕಾರ್ಖಾನೆಯಲ್ಲಿ ಕಾಯಂ ಆಗಬೇಕು. ಠಾಣೆಯ ಪಟ್ಟಿಯಲ್ಲಿ ಒಮ್ಮೆ ಹೆಸರು ಬಿದ್ದರೆ ಮುಗಿಯಿತು.

"ಸಾಹೇಬ್ರ, ಅದು ನಮ್ಮ ನೀರಷ್ಟ ಅಲ್ರಿ. ಹ್ವಾದ ವರ್ಷ ವಿಶ್ರಾಮಬಾಗದ ಲೈನ್ ಒಡೀತಲ್ಲ, ಅಲ್ಲಿನ ಬಂಗಲೆ, ಹಾಸ್ಟೆಲ್ ಎಲ್ಲಾ ಕುಪವಾಡದ ಲೈನಿಗೆ ನಾನ ಜೋಡಿಸೇನಿ. ನೀವ ಹೇಳಿದ್ರಿ."

"ನಾನು? ಕಾಗದ ಐತೇನು?"

"ಬಾಯಿಲೆ ಹೇಳಿದ್ರಿ."

"ನಕ್ಷಾದಾಗ ಇಲ್ಲಂದ್ರ ಇಲ್ಲ. ಶಾಣ್ಯಾ ಆಗಬ್ಯಾಡ."

ನೀರು ಪರೀಕ್ಷಿಸಿದ ಅನುಜಾ ಮಿರಜದ ಪ್ರಯೋಗಶಾಲೆಯವಳು. ಕೈಯಲ್ಲಿನ ವರದಿಯಿಂದ ತಲೆ ಎತ್ತಿದಳು. "ಕಾಕಾ, ಖರೇನ? ನನಗ ಯಾರೂ ಹೇಳಲಿಲ್ಲ. ನಶಾ ಬಿಡಿಸೂ ದವಾಖಾನಿ ಎಲ್ಲಿ ಬೇಕಂತ ತಿಳೀಲಿಕ್ಕ ನಾ ನೀರು ನೋಡಿದ್ದು, ಪೋರಗೋಳನ್ನ ಹಿಡೀಲಿಕ್ಕ ಅಲ್ಲ."

"ಯಾರೂ ಕೇಳಲಿಲ್ಲ, ಅಕ್ಕಾರ. ಬರೇ ಬಾಟಲಿ ತುಂಬು ಅಂದ್ರಿ."

ನೀರು ಎತ್ತ ಹೋಗುತ್ತದೆಂದು ತಿಳಿಯದಿದ್ದರೆ ಗಟಾರದವರು ಅದಕ್ಕೆ ಬಣ್ಣ ಬಿಟ್ಟು ಎಲ್ಲಿ ಹೊರಬರುತ್ತದೆಂದು ನೋಡುತ್ತಾರೆ. ಸಿದ್ದಪ್ಪ ಎರಡು ಕಿಲೋ ಕೆಂಪು ಗುಲಾಲು ತಂದು ವಿಶ್ರಾಮಬಾಗದ ಹಾಸ್ಟೆಲ್ ಎದುರಿನ ಚೇಂಬರಿಗೆ ಸುರಿದ. ಅಲ್ಲಿಂದ ಕುಪವಾಡಕ್ಕೆ ಸೈಕಲ್ ತುಳಿದ. ಅನುಜಾ ಸ್ಕೂಟಿಯಲ್ಲಿ ಹಿಂದೆಯೇ ಬಂದಳು.

ಚಾಳಿನ ಬಾಯಿಗೆ ಪೊಲೀಸ್ ಜೀಪು ಆಗಲೇ ನಿಂತಿತ್ತು, ಪಕ್ಕದಲ್ಲಿ ಅಪ್ಪಾಸಾಬ. ಹನ್ನೊಂದು ಹುಡುಗರ ಸಾಲು. ಅದರಲ್ಲಿ ಕಾರ್ಖಾನೆಯ ಅಂಗಿ ತೊಟ್ಟ ಕಿಶೋರ. ಸಿದ್ದಪ್ಪ ಅತ್ತ ನೋಡದೆ ಚೇಂಬರಿನ ಮುಚ್ಚಳ ಎತ್ತಿ ಕಾದ. ಹುಡುಗರ ಹೆಸರು ಬರೆಯುವುದು ಶುರುವಾಗುವ ಹೊತ್ತಿಗೆ ನೀರು ಕೆಂಪಾಯಿತು.

"ಆಲ, ಕಾಕಾ! ಲಾಲ್ ಪಾಣಿ ಆಲ, ಕೆಂಪು ನೀರು ಬಂತು!" ಅನುಜಾ ಮೊಣಕಾಲೂರಿ ಮೊಬೈಲಿನಲ್ಲಿ ಫೋಟೋ ಹೊಡೆದಳು.

"ಸಾಹೇಬ್ರ, ಒಮ್ಮೆ ಬಂದು ನೋಡ್ರಿ" ಎಂದು ಸಿದ್ದಪ್ಪ ಕರೆದ.

ಪೊಲೀಸರು ಮೂಗು ಮುಚ್ಚಿಕೊಂಡು ಸುತ್ತುಬಳಸಿ ದಾಟಿದರು. ಅಪ್ಪಾಸಾಬ ಹತ್ತು ಹೆಜ್ಜೆ ದೂರದಲ್ಲೇ ನಿಂತ. "ಮೊದಲ ಮುಚ್ಚಳಾ ಹಾಕೋ. ಹೊಲಸ ವಾಸನಿ."

ವಾದ ಮಾಡುವ ಕಸುವು ಸಿದ್ದಪ್ಪನಲ್ಲಿ ಉಳಿದಿರಲಿಲ್ಲ. ಗುಂಡಿಯ ಅಂಚಿಗೆ ಕುಕ್ಕರಿಸಿದ.

"ಮುಚ್ಚಳಾ ಯಾಕ್ರಿ, ವಿಶ್ರಾಮಬಾಗದ ಜೋಡಣೀನ ಮುಚ್ಚಿ ಬಿಡ್ತೀನಿ. ಉಸುಕಿನ ನಾಕ ಚೀಲ ಸಾಕು. ನಾಳಿ ಮುಂಜಾನೆ ಯಾರ ಹೊಲಸ ಯಾರ ಬಚ್ಚಲದಾಗ ಮ್ಯಾಲ ಬರತೈತಿ ನೋಡೂಣು. ನಕ್ಷಾ ಬೇಕಾಗಂಗಿಲ್ಲ."

ಅಪ್ಪಾಸಾಬನ ಮನೆ ವಿಶ್ರಾಮಬಾಗದಲ್ಲಿ. ಅವನು ಜೀಪಿನತ್ತ ಕೈ ಎತ್ತಿ, "ತಡೀರಿ, ಹೆಸರು ಬರೀಬ್ಯಾಡ್ರಿ" ಎಂದು ಕೂಗಿದ.

ಗುಂಡಿಯೊಳಗೆ ಮಾತ್ರ ಬಗ್ಗಿ ನೋಡಲಿಲ್ಲ.